ಸ್ಥಿರವೇಗ ಮೀಮಾಂಸೆ: ಕೋಲಾರ ಸೀಮೆಯ ಒಂದು ಶೋಧ

ಬ್ಯಾಟರಿ ಕಾರಿನ ಕ್ರೂಸ್ ಕಂಟ್ರೋಲಿಗೆ ವೇಗ ನಿಗದಿ ಮಾಡುವವರು ಯಾರು? ಪಂಡಿತರು ಇದುವರೆಗೆ ಕೈಹಾಕದ ಈ ಪ್ರಶ್ನೆಯನ್ನು ಕೋಲಾರದ ಮಣ್ಣಿನಲ್ಲೇ ಬಿಡಿಸಬೇಕು. ಶಿವನಸಮುದ್ರದ ಕರೆಂಟು 1902ರಲ್ಲೇ ತಂತಿ ಹಿಡಿದು ನಮ್ಮ ಚಿನ್ನದ ಗಣಿಗೆ ಬಂತು. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ. ವಿದ್ಯುತ್ತಿನ ವಿಚಾರದಲ್ಲಿ ಅವರು ಕಿರಿಯರು, ತೆಪ್ಪಗೆ ಕೇಳತಕ್ಕದ್ದು.

ಪೂರ್ವಪಕ್ಷ ಹೀಗಿದೆ: ವೇಗದ ಕರ್ತೃ ಚಾಲಕನೇ. ಗುಂಡಿ ಒತ್ತಿದ ಗಳಿಗೆಯ ವೇಗವನ್ನು ಕಾರು ನೆನಪಿಟ್ಟುಕೊಳ್ಳುತ್ತದೆ. ಕೆಲವು ಕಾರುಗಳು ರಸ್ತೆಬದಿಯ ಫಲಕ ಓದಿ ಅಲ್ಲಿನ ಮಿತಿಯನ್ನೇ ಹಿಡಿಯುತ್ತವೆ. ಆಮೇಲೆ ಬೇಕಾದ ವೇಗಕ್ಕೂ ಇರುವ ವೇಗಕ್ಕೂ ಎಷ್ಟು ವ್ಯತ್ಯಾಸ ಎಂದು ಸೆಕೆಂಡಿಗೆ ಎಷ್ಟೋ ಸಲ ಲೆಕ್ಕ ಹಾಕಿ ಮೋಟರಿನ ಎಳೆತವನ್ನು ಏರಿಸಿ ಇಳಿಸುತ್ತವೆ. ಇಳಿಜಾರಿನಲ್ಲಿ ಮೋಟರೇ ಡೈನಮೋ ಆಗಿ ಕಾರನ್ನು ತಡೆಹಿಡಿದು, ಹುಟ್ಟಿದ ಕರೆಂಟನ್ನು ಬ್ಯಾಟರಿಗೆ ತುಂಬುತ್ತದೆ. ಬ್ಯಾಟರಿ ಮೊದಲೇ ತುಂಬಿದ್ದರೆ ಬ್ರೇಕೇ ಗತಿ. (ಉಂಡು ಕೈತೊಳೆದವರ ಮುಂದೆ ಇನ್ನೊಂದು ಮುದ್ದೆ ಇಟ್ಟ ಹಾಗೆ.) ಇನ್ನು ಮೀಟರು ತೋರಿಸುವ ಅಂಕಿ ಮದುವೆ ದಲ್ಲಾಳಿ ಹೇಳುವ ವರನ ಸಂಬಳ: ಇದ್ದದ್ದಕ್ಕಿಂತ ತುಸು ಹೆಚ್ಚೇ.

ಈ ಮತವನ್ನು ಖಂಡಿಸಲು ಕೋಲಾರದಿಂದ ಮುಳಬಾಗಿಲಿಗೆ ಹೊರಟೆವು. ಹೆದ್ದಾರಿ 75ರಲ್ಲಿ 80ಕ್ಕೆ ಸಂಕಲ್ಪ. ಮುಂದಿನ ವಾಹನಕ್ಕೆ ಎರಡು ಸೆಕೆಂಡಿನ ಅಂತರ ಬಿಡು ಎಂದು ಕಾರಿಗೆ ಅಪ್ಪಣೆ. ಆ ವೇಗದಲ್ಲಿ ಎರಡು ಸೆಕೆಂಡೆಂದರೆ 44 ಮೀಟರ್. ಕಾರಿನ ಕಣ್ಣಿಗೆ ಅದು ಸುರಕ್ಷತೆ, ನಮ್ಮವರ ಕಣ್ಣಿಗೆ ಖಾಲಿ ಸೈಟು. ಎಪಿಎಂಸಿಯಲ್ಲಿ ಟೊಮ್ಯಾಟೊ ಇಳಿಸಿ ಖಾಲಿ ಕ್ರೇಟ್ ಹೊತ್ತು ಮರಳುತ್ತಿದ್ದ ಗೂಡ್ಸ್ ಆಟೊ ಒಳನುಗ್ಗಿತು. ನಮ್ಮ ವೇಗ 52. ಅದು ಜರುಗಿತೆನ್ನುವಾಗ ಮೇವಿನ ಹೊರೆಯ ಬೈಕು, 41. ಪರದೆಯಲ್ಲಿ ಮಾತ್ರ 80 ನಿಶ್ಚಿಂತೆಯಿಂದ ಬೆಳಗುತ್ತಿತ್ತು. ಸಂಕಲ್ಪಿತ ವೇಗ ಬೇರೆ, ಸಂಭವಿಸಿದ ವೇಗ ಬೇರೆ, ಎರಡಕ್ಕೂ ಐಕ್ಯವಿಲ್ಲ. ಶ್ರೀಪಾದರಾಜರ ವೃಂದಾವನವಿರುವ ಊರಿನ ದಾರಿಯಲ್ಲೇ ದ್ವೈತ ಸಿದ್ಧವಾದದ್ದು ಕಾಕತಾಳೀಯವಲ್ಲ.

ಮಾಲೂರಿನ ಬಳಿ ಹಾದುಹೋಗುವ ಚೆನ್ನೈ ಎಕ್ಸ್‌ಪ್ರೆಸ್‌ವೇಯಲ್ಲಿ ಶಾಸ್ತ್ರ ಹೇಳಿದಂತೆಯೇ ಎಲ್ಲವೂ ನಡೆಯಿತು. ಆದ್ದರಿಂದ ಪ್ರಬಂಧಕ್ಕೆ ಏನೂ ದಕ್ಕಲಿಲ್ಲ. ಅದೇ ತಾಲ್ಲೂಕಿನ ಮಾಸ್ತಿಯವರು ಈ ವಿದ್ಯೆಯನ್ನು ಮೋಟರಿಲ್ಲದೆ ಸಾಧಿಸಿದ್ದರೆಂಬುದನ್ನಷ್ಟೇ ದಾಖಲಿಸುತ್ತೇನೆ: ಕತೆಯಲ್ಲಿ ಏರು ಬರಲಿ ಇಳುಕಲು ಬರಲಿ, ದನಿ ಏರುವುದಿಲ್ಲ.

ಸಿದ್ಧಾಂತ ಹೊಳೆದದ್ದು ಶ್ರೀನಿವಾಸಪುರದ ದಾರಿಯಲ್ಲಿ. ಕ್ರೂಸ್ ಕಂಟ್ರೋಲಿನ ಜನಕ, ಅಮೆರಿಕದ ರಾಲ್ಫ್ ಟೀಟರ್, ಬಾಲ್ಯದಲ್ಲೇ ಕಣ್ಣು ಕಳೆದುಕೊಂಡವರು. ಕಾರು ಓಡಿಸುತ್ತಿದ್ದ ಅವರ ವಕೀಲರು ಮಾತಾಡುವಾಗ ನಿಧಾನಿಸಿ, ಕೇಳಿಸಿಕೊಳ್ಳುವಾಗ ರಭಸ ಮಾಡುತ್ತಿದ್ದರಂತೆ. ಆ ಜಗ್ಗಾಟಕ್ಕೆ ರೋಸಿ ಕಂಡುಹಿಡಿದ ಸಾಧನಕ್ಕೆ 1950ರಲ್ಲಿ ಪೇಟೆಂಟ್ ಸಿಕ್ಕಿತು. 1958ರಲ್ಲಿ ಕ್ರೈಸ್ಲರ್ ಕಾರಿಗೆ ಬಂತು. ಅಂದರೆ ಈ ಯಂತ್ರವೇ ಸ್ಟೀರಿಂಗ್ ಹಿಡಿಯದವರ ಸೃಷ್ಟಿ.

ಹಿಂದಿನ ಸೀಟಿನಿಂದ ಅಜ್ಜಿ, “ಏಯ್, ಬಾದಾಮಿ ಹಣ್ಣು ಐತೆ ಕಣೋ, ನಿಲ್ಸು!” ಎಂದರು. ಬ್ರೇಕ್ ತುಳಿದೊಡನೆ ಸಂಕಲ್ಪ ರದ್ದು. ಆದರೆ ಹಳೆಯ ಅಂಕಿಯನ್ನು ಕಾರು ಮರೆಯುವುದಿಲ್ಲ. ರೆಸ್ಯೂಮ್ ಗುಂಡಿ ಒತ್ತಿದರೆ ಅದಕ್ಕೇ ಮರಳುತ್ತದೆ. ಎರಡು ಕ್ರೇಟ್ ಮಾವು ಡಿಕ್ಕಿ ಸೇರಿತು. ತುಸು ವೇಗ ಹಿಡಿದ ಮೇಲೆ ಗುಂಡಿ ಒತ್ತಿದೆ. ಅರ್ಧಕ್ಕೆ ನಿಲ್ಲಿಸಿದ್ದ ನಾದಿನಿಯ ಕತೆಯನ್ನು ಅಜ್ಜಿಯೂ, ಬಿಟ್ಟ ಬೈಗುಳದಿಂದಲೇ, ಎತ್ತಿಕೊಂಡರು.