ದಂಟಿನ ಗೋತ್ರ

ಅವ್ವ ಶಿಕಾಗೋಗೆ ಬರುವುದು ಮೇ ನಡುವೆ, ಹೊರಡುವುದು ಅಕ್ಟೋಬರಿಗೆ. ಇಮಿಗ್ರೇಶನ್ನಿನವರು ಕೊಡುವ ಆರು ತಿಂಗಳೂ ಇಲ್ಲಿ ಹಿಮ ಬೀಳದ ತಿಂಗಳುಗಳೂ ಹೆಚ್ಚುಕಡಿಮೆ ಅಷ್ಟಕ್ಕಷ್ಟೇ. ಹೀಗಾಗಿ ನಮ್ಮ ಹಿತ್ತಲಲ್ಲಿ ಸೊಪ್ಪಿಗೂ ಅವ್ವನಿಗೂ ಒಂದೇ ವೀಸಾ.

"ಬೀಜಗೀಜ ತರಬೇಡ, ಏರ್‌ಪೋರ್ಟಲ್ಲಿ ಹಿಡೀತಾರೆ" ಎಂದು ಮದ್ದೂರಿಗೆ ಹತ್ತು ಸಲ ಫೋನು ಮಾಡಿದ್ದೆ. ತರಲಿಲ್ಲ. ಬಂದ ಮೂರನೇ ದಿನ ನಮ್ಮ ಒಗ್ಗರಣೆ ಡಬ್ಬಿಯನ್ನೇ ಹೊತ್ತು ಹಿತ್ತಲಿಗಿಳಿದಳು. ಮೆಂತ್ಯ ರಾತ್ರಿಯೇ ನೆನೆದಿತ್ತು. ಕೊತ್ತಂಬರಿಯನ್ನು ನನ್ನ ಆಫೀಸಿನ ಬೂಟಿನ ಅಡಿಗೆ ಹಾಕಿ ಉಜ್ಜಿ ಎರಡೆರಡು ಹೋಳು ಮಾಡಿದ್ದಳು. ನಾಲ್ಕೇ ದಿನಕ್ಕೆ ಮೆಂತ್ಯ ತಲೆಯೆತ್ತಿತು. ಮೂರು ಡಾಲರಿನ ಪ್ಯಾಕೆಟ್ಟು ತಂದು ನಾನು ಬಿತ್ತಿದ ಪಾಲಕ್ ಮಾತ್ರ ಜೂನಿನ ಉದ್ದನೆ ಹಗಲಿಗೆ ಹೆದರಿ, ಎಲೆ ಬಿಡುವ ಮೊದಲೇ ಹೂವಿನ ಕೋಲೆತ್ತಿ ನಿಂತಿತು.

ಡ್ರೈವ್‌ವೇ ಬಿರುಕಿನ ಕಳೆಗೆ ನಾನು ಔಷಧಿ ಹೊಡೆಯಲು ಹೊರಟಾಗ ಅವ್ವ ಕೈಯಿಂದ ಬಾಟಲಿ ಕಿತ್ತುಕೊಂಡಳು. ಅದು ಗೋಣಿ ಸೊಪ್ಪಂತೆ.

"ಬಾಗ್ಲಲ್ಲಿರೋ ಸೊಪ್ಪ ಔಸ್ದಿ ಹೊಡ್ದು ಕೊಂದು, ಕಾರಲ್ಲಿ ಹೋಗಿ ಬಾಡಿದ್ ಸೊಪ್ಪು ತತ್ತೀಯಲ್ಲ, ಎಂಥಾ ಓದ್ಲಾ ನಿಂದು?"

ಅಂದು ರಾತ್ರಿ ತೊಗರಿಬೇಳೆ ಜೊತೆ ಕಳೆಯನ್ನು ಉಂಡೆವು. ತುಸು ಹುಳಿ, ತುಸು ಲೋಳೆ. ಮಗಳು ಇನ್ನೊಂದು ಸಲ ಹಾಕಿಸಿಕೊಂಡಳು.

ಒಗ್ಗರಣೆ ಡಬ್ಬಿಯಲ್ಲಿ ಇಲ್ಲದ್ದು ದಂಟಿನ ಬೀಜ. ಅದು ಕನ್ನಡ ಕೂಟದ ಊಟದ ಸಾಲಿನಲ್ಲಿ ಸಿಕ್ಕಿತು. ಒಬ್ಬ ಹಿರಿಯ ಹೆಂಗಸು ಕುಂಕುಮದ ಪೊಟ್ಟಣದಂಥದ್ದನ್ನು ಗುಟ್ಟಾಗಿ ಅವ್ವನ ಕೈಗೆ ತುರುಕಿದರು. ಅವ್ವ ಸುಮ್ಮನೆ ತೆಗೆದುಕೊಂಡಾಳೆಯೇ? ಕೆಂಪೋ ಹಸಿರೋ, ದಂಟು ನಾರಾಗುತ್ತದೋ, ಬೀಜ ಯಾರ ಮನೆಯದು, ಅವರಿಗೆ ಕೊಟ್ಟವರು ಯಾರು? ನನ್ನ ಮದುವೆಗೂ ಇಷ್ಟು ವಿಚಾರಿಸಿರಲಿಲ್ಲ.

ವಿಚಾರಿಸಬೇಕಿತ್ತು ಎಂದು ಗಿಡ ಬೆಳೆದ ಮೇಲೆ ಗೊತ್ತಾಯಿತು. ಹೆಂಡತಿ ಉಡುಪಿ ಕಡೆಯವಳು. "ಅತ್ತೆ, ಇದು ಹರಿವೆ." "ಅಲ್ಲ ಕಣವ್ವ, ದಂಟು." ಅವಳಿಗೆ ತೆಂಗಿನಕಾಯಿ ಹಾಕಿದ ಪಲ್ಯ ಬೇಕು, ಅವ್ವನಿಗೆ ಬಸ್ಸಾರು. ಬಸ್ಸಾರಿಗೊಂದು ಅನುಕೂಲವಿದೆ: ಬೆಂದ ಸೊಪ್ಪು-ಕಾಳಿನಿಂದ ಕಟ್ಟು ಬಸಿದು ಸಾರು ಮಾಡಿದರೆ, ಉಳಿದದ್ದು ಪಲ್ಯವಾಗುತ್ತದೆ. ನಮ್ಮ ಮನೆಯ ಶಾಂತಿ ಒಪ್ಪಂದ ಆದದ್ದು ಆ ತೂತಿನ ಪಾತ್ರೆಯ ಮೇಲೆ.

ಆಗಸ್ಟಿಗೆ ಗಿಡ ನನ್ನೆತ್ತರ ಬಂತು. ಪಕ್ಕದ ಮನೆಯಾತ ಬೇಲಿಯಾಚೆ ನಿಂತು ದಿಟ್ಟಿಸಿದ. ಅವನ ಅಣ್ಣನಿಗೆ ದಕ್ಷಿಣ ಇಲಿನಾಯಿಯಲ್ಲಿ ಸೋಯಾ ಹೊಲವಿದೆ. ಅಲ್ಲಿನ ರೈತರ ನಿದ್ದೆ ಕೆಡಿಸಿರುವ, ಕಳೆನಾಶಕಕ್ಕೂ ಜಗ್ಗದ ಕಳೆ ನಮ್ಮ ದಂಟಿನ ದಾಯಾದಿಯೇ.

"ಪಿಗ್‌ವೀಡ್!" ಎಂದ.

"ಏನಂತ್ಲಾ?" ಅವ್ವ ಕೇಳಿದಳು.

"ಹಂದಿ ಕಳೆ ಅಂತೆ."

"ಇವ್ನಿಗಿಂತ ಹಂದೀಗೇ ರುಚಿ ಗೊತ್ತು ಅನ್ನು."

ನಾನು ಅನುವಾದಿಸಲಿಲ್ಲ. ಬದಲಿಗೆ ಒಂದು ಡಬ್ಬಿ ಪಲ್ಯ ಕೊಟ್ಟೆ. ಡಬ್ಬಿ ತೊಳೆದು ವಾಪಸು ಬಂತು, ಒಳಗೆ ಆರು ಚಾಕೊಲೇಟ್ ಕುಕಿ. ಖಾಲಿ ಡಬ್ಬಿ ಹಿಂತಿರುಗಿಸದ ಮನುಷ್ಯನೆಂದು ಅವ್ವ ಅವನನ್ನು ಕ್ಷಮಿಸಿದಳು.

ಬೀಜಕ್ಕೆಂದು ಒಂದು ಗಿಡವನ್ನು ಯಾರೂ ಮುಟ್ಟಕೂಡದಿತ್ತು. ಅಕ್ಟೋಬರಿನಲ್ಲಿ ಅದರ ತೆನೆ ಕೊಯ್ದು, ಗ್ಯಾರೇಜಿನಲ್ಲಿ ಹಳೇ ಸೀರೆ ಹಾಸಿ ಒಣಗಿಸಿದಳು. ಕಾರು ಹತ್ತು ದಿನ ಬೀದಿಯಲ್ಲಿ ನಿಂತಿತು. ಆಮೇಲೆ ಉಜ್ಜಿ, ಮೊರವಿಲ್ಲದ್ದಕ್ಕೆ ಪಿಜ್ಜಾ ಪೆಟ್ಟಿಗೆಯ ಮುಚ್ಚಳದಲ್ಲಿ ಗ್ಯಾರೇಜಿನ ಬಾಗಿಲಿಗೆ ನಿಂತು ತೂರಿದಳು. ಸಾಸಿವೆಗಿಂತ ಸಣ್ಣ, ಮಿರಿಮಿರಿ ಕಪ್ಪು ಬೀಜ. ಶಿಕಾಗೋದ ಗಾಳಿ ಹೇಳಿಕೇಳಿ ಮುಂಗೋಪಿ. ಒಂದು ಸಲ ಹೊಟ್ಟನ್ನೂ ಬೀಜವನ್ನೂ ಒಟ್ಟಿಗೇ ಎತ್ತಿಕೊಂಡು ಹೋಯಿತು. ಉಳಿದದ್ದು ನನ್ನ ಬಿಪಿ ಮಾತ್ರೆಯ ಖಾಲಿ ಡಬ್ಬಿ ಸೇರಿತು. ಬೂದಿ ಬೆರೆಸೋಣವೆಂದರೆ ಒಲೆಯಿಲ್ಲ. ಬೂಟಿನ ಪೆಟ್ಟಿಗೆಯ ಸಿಲಿಕಾ ಪೊಟ್ಟಣ ಹಾಕಿದೆವು.

ಈ ಮೇನಲ್ಲಿ ಅವ್ವ ಬರಲಿಲ್ಲ, ಮಂಡಿನೋವು. ನಾನೇ ಬೀಜಕ್ಕೆ ಮರಳು ಬೆರೆಸಿ ಬಿತ್ತಿದೆ. ಅದು ಇನ್ನೂ ಯೋಚನೆ ಮಾಡುತ್ತಿರುವಾಗಲೇ ಪಕ್ಕದವನ ಗುಲಾಬಿ ಪಾತಿಯಲ್ಲಿ ಕೆಂಪು ಸಸಿಗಳು ಜಾತ್ರೆಯಂತೆ ಎದ್ದಿವೆ. ಅವನಿಗೆ ಹೇಳುವ ಧೈರ್ಯವಿಲ್ಲದೆ ವಿಡಿಯೋ ಕರೆಯಲ್ಲಿ ಅವ್ವನಿಗೆ ತೋರಿಸಿದೆ.

"ಎಳೇದಾಗಿದ್ದಾಗ್ಲೆ ಹೋಗಿ ಕೇಳು. ಬರಿಗೈಲಿ ಹೋಗ್ಬ್ಯಾಡ, ಡಬ್ಬಿ ತಗಂಡೋಗು."