ಅದೇ ದುಡ್ಡಿಗೆ ರಾಯರು

ನಮ್ಮ ಗಿರಿನಗರದ ಕ್ರಾಸಿನಲ್ಲಿ ನಿಂತು ‘ರಾಯರೇ’ ಎಂದು ಕೂಗಿದರೆ ನಾಲ್ಕು ಮನೆಯ ಬಾಗಿಲು ತೆರೆಯುತ್ತವೆ. ಹಾಗಾಗಿ ಗುರುತಿಗೆ ಒಬ್ಬೊಬ್ಬರಿಗೂ ಒಂದೊಂದು ವಿಶೇಷಣ. ಪೋಸ್ಟಾಫೀಸ್ ರಾಯರು, ಶುಗರ್ ರಾಯರು, ಮಹಡಿ ಮನೆ ರಾಯರು, ಕಡೆಗೆ ಅದೇ ದುಡ್ಡಿಗೆ ರಾಯರು. ಈ ಹೆಸರು ಇಟ್ಟವರು ಯಾರೋ ಗೊತ್ತಿಲ್ಲ. ಅವರ ಹೆಂಡತಿಯೇ ಇರಬೇಕು ಎಂಬುದು ನನ್ನ ಗುಮಾನಿ.

ನೀವು ಏನನ್ನಾದರೂ ಕೊಳ್ಳಲು ಹೊರಡಿ, ಅದೇ ದುಡ್ಡಿಗೆ ಅದಕ್ಕಿಂತ ದೊಡ್ಡದೊಂದು ಇನ್ನೆಲ್ಲೋ ನಿಮಗಾಗಿ ಕಾದು ಕುಳಿತಿರುತ್ತದೆ ಎಂಬುದು ರಾಯರ ಸಿದ್ಧಾಂತ. ನಾನೊಮ್ಮೆ ಒಂಟಿ ಬಾಗಿಲಿನ ಫ್ರಿಜ್ ತರಲು ಹೊರಟಿದ್ದೆ. ಗೇಟಿನಲ್ಲಿ ಸಿಕ್ಕಿದರು. “ಅದೇ ದುಡ್ಡಿಗೆ ಡಬಲ್ ಡೋರ್ ಬರತ್ತೆ ಕಣ್ರೀ, ಸೆಕೆಂಡ್ ಹ್ಯಾಂಡು, ಮಿಲಿಟರಿಯವರು ಇಟ್ಕೊಂಡಿದ್ದು” ಎಂದರು. ತಂದೆ. ಅದು ಅಡುಗೆಮನೆಯ ಬಾಗಿಲಲ್ಲಿ ನುಗ್ಗಲಿಲ್ಲ. ಇವತ್ತಿಗೂ ಹಾಲಿನಲ್ಲೇ ನಿಂತಿದೆ. ಮನೆಗೆ ಬಂದ ನೆಂಟರು ಮೊದಲು ಅದಕ್ಕೆ ಪ್ರದಕ್ಷಿಣೆ ಹಾಕಿ ಆಮೇಲೆ ನಮ್ಮನ್ನು ಮಾತಾಡಿಸುತ್ತಾರೆ.

ಇನ್ನೊಂದು ಮಾತು. ರಾಯರ ‘ಅದೇ ದುಡ್ಡು’ ಯಾವತ್ತೂ ಅದೇ ದುಡ್ಡಾಗಿರುವುದಿಲ್ಲ. ಅದಕ್ಕೊಂದು ಬಾಲ ಇದ್ದೇ ಇರುತ್ತದೆ: “ಇನ್ನೊಂಚೂರು ಹಾಕಿದ್ರೆ ಆಯ್ತು.” ಈ ಇನ್ನೊಂಚೂರಿನಲ್ಲೇ ಅವರ ಭವಿಷ್ಯನಿಧಿಯ ಕಾಲುಭಾಗ ಕರಗಿದೆ.

ಹಾಗಂತ ಅವರನ್ನು ಪೆದ್ದರು ಎನ್ನುವ ಹಾಗಿಲ್ಲ. ತೊಂಬತ್ತರ ದಶಕದಲ್ಲಿ ಬ್ಯಾಂಕಿನ ಸಹೋದ್ಯೋಗಿಗಳೆಲ್ಲ ಬನಶಂಕರಿ ಕಡೆ 20–30ರ ಸೈಟು ಹುಡುಕುತ್ತಿದ್ದಾಗ, ರಾಯರು ಅದೇ ದುಡ್ಡಿಗೆ ತಲಘಟ್ಟಪುರದ ಹತ್ತಿರ 40–60 ತೆಗೆದುಕೊಂಡರು. ಜನ ನಕ್ಕರು. ನೀರಿಲ್ಲ, ಬಸ್ಸಿಲ್ಲ, ನರಿ ಕೂಗುತ್ತೆ ಎಂದರು. 2021ರ ಜನವರಿಯಲ್ಲಿ ಹಸಿರು ಮಾರ್ಗದ ಮೆಟ್ರೋ ಅದೇ ತಲಘಟ್ಟಪುರದ ಮೇಲೆ ಹಾದು ರೇಷ್ಮೆ ಸಂಸ್ಥೆವರೆಗೂ ಹೋಯಿತು. ನಕ್ಕವರೆಲ್ಲ ಈಗ ರಾಯರಿಗೆ ಎರಡು ಕೈಯಲ್ಲಿ ನಮಸ್ಕಾರ ಮಾಡುತ್ತಾರೆ. ನನ್ನನ್ನು ಕೇಳಿದರೆ ಅವರನ್ನು ಕೆಡಿಸಿದ್ದೇ ಆ ಸೈಟು. ಮೊದಲ ಆಟದಲ್ಲೇ ಗೆದ್ದವನನ್ನು ಇಸ್ಪೀಟು ಮೇಜಿನಿಂದ ಎಬ್ಬಿಸುವುದು ಕಷ್ಟ.

ಕಳೆದ ವರ್ಷ ಅವರ ಮಗಳಿಗೆ ಹದಿನೆಂಟು ತುಂಬಿತು. ಎಂಜಿನಿಯರಿಂಗ್ ಮೊದಲ ವರ್ಷ. ತಡವಾಗಿ ಹುಟ್ಟಿದವಳು, ಒಬ್ಬಳೇ ಮಗಳು. ಕಾನೂನಿನ ವಿಷಯದಲ್ಲಿ ಮಾತ್ರ ರಾಯರು ಕಟ್ಟುನಿಟ್ಟು. ಎದುರುಮನೆಯವರು ಹತ್ತನೇ ಕ್ಲಾಸಿನ ಹುಡುಗನ ಕೈಗೆ ಕಾರಿನ ಕೀಲಿ ಕೊಟ್ಟಾಗ, 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯನ್ನು ಕಾಂಪೌಂಡ್ ಮೇಲಿಂದಲೇ ಓದಿ ಹೇಳಿದವರು ಅವರು: “ಮೂರು ವರ್ಷ ಜೈಲು ಅಪ್ಪಂಗೆ, 25,000 ರೂಪಾಯಿ ದಂಡಾನೂ ಅಪ್ಪಂಗೆ, ಒಂದು ವರ್ಷ ಗಾಡಿ ರಿಜಿಸ್ಟ್ರೇಷನ್ ರದ್ದು, ಹುಡುಗಂಗೆ ಇಪ್ಪತ್ತೈದರವರೆಗೂ ಲೈಸೆನ್ಸಿಲ್ಲ.” ಅಂಥವರು ಮಗಳಿಗೆ ಹದಿನೆಂಟು ತುಂಬಿದ ಮಾರನೆಯ ದಿನವೇ ಎಲ್‌ಎಲ್ ಮಾಡಿಸಿ, ಸೀತಾ ಸರ್ಕಲ್ ಹತ್ತಿರದ ಡ್ರೈವಿಂಗ್ ಸ್ಕೂಲಿಗೆ ಸೇರಿಸಿದರು.

ಮಗಳು ಕೇಳಿದ್ದು ಸ್ಕೂಟಿ. “ಸ್ಕೂಟಿ ಡೇಂಜರ್ರು” ಎಂದು ಅಮ್ಮ ಅಡ್ಡ ಬಂದರು. ಹಾಗಾದರೆ ಸಣ್ಣದೊಂದು ಸೆಕೆಂಡ್ ಹ್ಯಾಂಡ್ ಆಲ್ಟೊ, ಎರಡೂವರೆ ಲಕ್ಷದೊಳಗೆ, ಗೀರಿದರೂ ಗುದ್ದಿದರೂ ಕರುಳು ಚುರ್ ಅನ್ನದಂಥದ್ದು ಎಂದು ಬೀದಿಯೆಲ್ಲ ಒಂದೇ ದನಿಯಲ್ಲಿ ಹೇಳಿತು. ರಾಯರು ಎಲ್ಲರ ಮಾತನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು. ಆ ತಾಳ್ಮೆ ನೋಡಿಯೇ ನನಗೆ ಭಯವಾಯಿತು.

ಎರಡೂವರೆ ಲಕ್ಷ ಹತ್ತು ಲಕ್ಷವಾದ ಬಗೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸೆಕೆಂಡ್ ಹ್ಯಾಂಡ್ ಆಲ್ಟೊಗೆ ಇನ್ನೊಂಚೂರು ಹಾಕಿದರೆ ಹೊಸ ಆಲ್ಟೊ. ಹೊಸ ಆಲ್ಟೊಗೆ ಇನ್ನೊಂಚೂರು ಹಾಕಿದರೆ ವ್ಯಾಗನಾರ್. ಅಲ್ಲಿಂದ ಸ್ವಿಫ್ಟಿಗೆ ಒಂದೇ ಮೆಟ್ಟಿಲು. ಟಾಪ್ ಮಾಡೆಲ್ ಸ್ವಿಫ್ಟು, ಆನ್ ರೋಡ್, ಹತ್ತು ಲಕ್ಷದ ಆಸುಪಾಸಿಗೆ ಬಂದು ನಿಂತಿತು. ಅಲ್ಲಿ ರಾಯರು ಕಾಫಿ ಲೋಟ ಕೆಳಗಿಟ್ಟು, ಕನ್ನಡಕ ಒರೆಸಿ, ನನ್ನನ್ನೇ ನೋಡಿದರು.

“ಅದೇ ದುಡ್ಡಿಗೆ ಜರ್ಮನ್ ಗಾಡಿ ಬರತ್ತೆ.”

ದೆಹಲಿಯಿಂದ ಬರುತ್ತದಂತೆ. 10 ವರ್ಷ ದಾಟಿದ ಡೀಸೆಲ್ ಕಾರು ದೆಹಲಿ ಸುತ್ತಮುತ್ತ ಓಡಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಅಲ್ಲಿಂದಾಚೆಗೆ ಅಲ್ಲಿನ ಸಾಹುಕಾರರ ಮನೆಯ ಉದ್ದುದ್ದನೆಯ ಸೆಡಾನುಗಳು ಹತ್ತನೇ ಹುಟ್ಟುಹಬ್ಬ ಹತ್ತಿರ ಬಂದಂತೆ ಅಗ್ಗವಾಗಿ ದಕ್ಷಿಣಕ್ಕೆ ಇಳಿಯತೊಡಗಿದವು, ಚಳಿಗಾಲದಲ್ಲಿ ರಂಗನತಿಟ್ಟಿಗೆ ಹಕ್ಕಿ ಬಂದ ಹಾಗೆ. “ಹೊಸದ್ರಲ್ಲಿ ಐವತ್ತು ಲಕ್ಷದ ಗಾಡಿ ಕಣ್ರೀ. ಒಬ್ರೇ ಓನರ್ರು. ಡಾಕ್ಟರ್ರು” ಎಂದರು. ಸೆಕೆಂಡ್ ಹ್ಯಾಂಡ್ ಕಾರುಗಳ ಲೋಕದಲ್ಲಿ ಎಲ್ಲ ಕಾರಿನ ಮೊದಲ ಒಡೆಯರೂ ಡಾಕ್ಟರೇ ಆಗಿರುತ್ತಾರೆ. ಅವರು ಆಸ್ಪತ್ರೆಗೆ ಹೋಗಿ ಬರುವುದು ಬಿಟ್ಟರೆ ಎಲ್ಲಿಗೂ ಹೋಗಿರುವುದಿಲ್ಲ.

“ಹದಿನೆಂಟರ ಹುಡುಗಿಗೆ ಎರಡು ನೂರು ಚಿಲ್ಲರೆ ಹಾರ್ಸ್‌ಪವರ್ ಯಾಕೆ ರಾಯರೇ?” ಎಂದೆ. ಅವರದೇ ಮೊದಲ ಕಾರು, ಮಾರುತಿ 800, ಅದಕ್ಕೆ ಇದ್ದದ್ದು 37.

“ಸೇಫ್ಟಿ” ಎಂದರು. ಆಮೇಲೆ ಅರ್ಧ ಗಂಟೆ ಹರಿಕಥೆ. ಮೂರು ಕಡೆ ಬಿಗಿಯುವ ಸೀಟ್‌ಬೆಲ್ಟನ್ನು 1959ರಲ್ಲಿ ವೋಲ್ವೊದ ನಿಲ್ಸ್ ಬೋಲಿನ್ ತಂದದ್ದು. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನವರು ನಮ್ಮಲ್ಲಿ ಮಾರುವ ಐದು ಚಿಕ್ಕ ಕಾರುಗಳನ್ನು ಗುದ್ದಿಸಿ ನೋಡಿ ಐದಕ್ಕೂ ಸೊನ್ನೆ ಕೊಟ್ಟದ್ದು. ಭಾರದ ಗಾಡಿ, ಉದ್ದನೆಯ ಮೂಗು, ಗುದ್ದಿದರೆ ನಜ್ಜುಗುಜ್ಜಾಗುವುದು ಮೂಗೇ ಹೊರತು ಮಗಳಲ್ಲ. ಇದರಲ್ಲಿ ಯಾವುದೂ ಸುಳ್ಳಲ್ಲ, ಅದೇ ಬೇಜಾರು. ಆದರೆ ಹೇಳುವಾಗ ಅವರ ಬೆರಳು ಮೊಬೈಲಿನಲ್ಲಿ ಸವರುತ್ತಿದ್ದದ್ದು ಏರ್‌ಬ್ಯಾಗನ್ನಲ್ಲ, ಮರದ ಹೊಳಪಿನ ಡ್ಯಾಶ್‌ಬೋರ್ಡನ್ನು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಬೇರೆಯವರ ಕಾರ್ ಲೋನಿಗೆ ಸಹಿ ಹಾಕಿದ ಬೆರಳು ಅದು.

ಮಗಳು “ಸರಿ ಅಪ್ಪ” ಎಂದಳು. ಆ ಮನೆಯಲ್ಲಿ ಹದಿನೆಂಟು ವರ್ಷದಿಂದ ಶಾಂತಿ ನೆಲೆಸಿರುವುದು ಈ ಎರಡು ಪದಗಳಿಂದ.

ಕಾರು ಬಂತು. ಯಾವ ಕಂಪನಿಯದೆಂದು ಬರೆಯುವುದಿಲ್ಲ. ಜರ್ಮನಿಯದು, ಬೆಳ್ಳಿ ಬಣ್ಣದ್ದು, ಹದಿನಾರು ಅಡಿ ಉದ್ದದ್ದು ಎಂದರೆ ಸಾಕು. ರಾಯರದು 30–40ರ ಮನೆ. ಕಾಂಪೌಂಡಿನೊಳಗೆ ಮೂಗು ಹಾಕಿದರೆ ಬಾಲ ಪೋಸ್ಟಾಫೀಸ್ ರಾಯರ ಗೇಟಿಗೆ ಅಡ್ಡ. ಹಾಗಾಗಿ ಅದು ಬೀದಿಯ ಸ್ವತ್ತಾಯಿತು. ಇಲ್ಲಿ ನೋಂದಾಯಿಸಲು ಹೋದಾಗ ಜೀವಿತಾವಧಿ ತೆರಿಗೆಯ ಲೆಕ್ಕ ಹೊರಬಂತು. ವಯಸ್ಸಿಗೆ ರಿಯಾಯಿತಿ ಉಂಟು, ನಿಜ. ಆದರೆ ಲೆಕ್ಕ ಶುರುವಾಗುವುದು ಹೊಸದಾಗಿದ್ದಾಗಿನ ಬೆಲೆಯಿಂದ. “ಮಾರೋವಾಗ ಮುದುಕ, ತೆರಿಗೆ ಕಟ್ಟೋವಾಗ ಮದುಮಗ” ಎಂದು ಏಜೆಂಟ್ ನಕ್ಕನಂತೆ. ರಾಯರು ನಗಲಿಲ್ಲ. ಇನ್ನೊಂಚೂರು ಹಾಕಿದರು.

ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯಲ್ಲಿ ವಾಹನ ಪೂಜೆ. ನಾನೂ ಹೋಗಿದ್ದೆ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಮೂಗಿಗೆ ಮೊಳಗಟ್ಟಲೆ ಚೆಂಡುಹೂವಿನ ಹಾರ. ಎಂಜಿನ್ ಚಾಲೂ ಮಾಡಿ ಎಂದರು ಅರ್ಚಕರು. ಮಗಳು ಗುಂಡಿ ಒತ್ತಿ, ಗೇರು ಹಾಕಿ, ಬ್ರೇಕ್ ಮೇಲೆ ಕಾಲಿಟ್ಟು ಕೂತಳು. ಕಾರು ‘ಪೀಂ’ ಎಂದಿತು. ಮುಂದಿನ ಸೆನ್ಸರಿಗೆ ಚೆಂಡುಹೂವು ಗೋಡೆಯ ಹಾಗೆ ಕಂಡಿತ್ತು. ಅರ್ಚಕರು ಮಂಗಳಾರತಿ ತಟ್ಟೆ ಹಿಡಿದು ಹತ್ತಿರ ಬಂದರು, ಪೀಂ ಪೀಂ. ತಟ್ಟೆ ಬಲಕ್ಕೆ ಹೋದರೆ ಬಲಗಡೆಯ ಪೀಂಪೀಂ, ಎಡಕ್ಕೆ ಬಂದರೆ ಎಡಗಡೆಯ ಪೀಂಪೀಂ. ಬೂದುಗುಂಬಳ ಇಳಿತೆಗೆಯುವಾಗಂತೂ ಒಂದೇ ಉಸಿರಿನ ಪೀ...... ಅರ್ಚಕರು ಮಂತ್ರ ನಿಲ್ಲಿಸಿ, “ಇದು ಬೇಡ ಅಂತಿದೆಯಾ, ಬೇಕು ಅಂತಿದೆಯಾ?” ಎಂದು ಕೇಳಿದರು. ರಾಯರು ಹೆಮ್ಮೆಯಿಂದ, “ಸೇಫ್ಟಿ” ಎಂದರು. ಹಾರ ಬಿಚ್ಚಲು ಅವರ ಹೆಂಡತಿ ಒಪ್ಪಲಿಲ್ಲ. ಗಿರಿನಗರದವರೆಗೂ ಶಂಖ ಜಾಗಟೆಯ ಬದಲು ಅದೇ ವಾದ್ಯ.

ಮಗಳು ಕ್ಲಚ್ಚಿನ ಗಾಡಿಯಲ್ಲಿ ಕಲಿತವಳು. ಇದು ಆಟೊಮ್ಯಾಟಿಕ್. ಎಡಗಾಲಿಗೆ ಕೆಲಸವಿಲ್ಲ ಎಂದು ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಮೊದಲ ದಿನ ಕತ್ರಿಗುಪ್ಪೆ ಸಿಗ್ನಲ್ ಹತ್ತಿರ ಅಭ್ಯಾಸಬಲದಿಂದ ಎಡಗಾಲು ಎದ್ದು ಕ್ಲಚ್ ಇರಬೇಕಾದ ಜಾಗದಲ್ಲಿ ಬಲವಾಗಿ ಒತ್ತಿತು. ಅಲ್ಲಿದ್ದದ್ದು ಬ್ರೇಕು. ಗಾಡಿ ನೆಟ್ಟ ಕಲ್ಲಿನ ಹಾಗೆ ನಿಂತಿತು. ರಾಯರ ಕನ್ನಡಕ ಡ್ಯಾಶ್‌ಬೋರ್ಡ್ ಮೇಲೆ ಹಾರಿ, ಎಸಿ ಕಿಂಡಿಗೆ ಬಡಿದು, ಗೇರಿನ ಪಕ್ಕದ ಕಪ್ ಹೋಲ್ಡರಿನಲ್ಲಿ ಮಡಿಸಿಟ್ಟ ಹಾಗೆ ಕೂತಿತು. “ನೋಡಿದ್ಯಾ, ಎಲ್ಲಕ್ಕೂ ಜಾಗ ಮಾಡಿದ್ದಾನೆ” ಎಂದರಂತೆ.

ಒಂದು ಲಾಭ ಮಾತ್ರ ಒಪ್ಪಲೇಬೇಕು. ಕೆಂಪು ಎಲ್ ಅಂಟಿಸಿದ ಆಲ್ಟೊ ಕಂಡರೆ ನಮ್ಮ ಊರಿನ ಆಟೊಗಳು ಹಾರ್ನ್ ಹೊಡೆದು ಪಾಠ ಹೇಳಿಕೊಡುತ್ತವೆ. ಅದೇ ಎಲ್ಲನ್ನು ಐಷಾರಾಮಿ ಸೆಡಾನಿನ ಬೆನ್ನಿಗೆ ಅಂಟಿಸಿ ನೋಡಿ. ಆಟೊ, ಸ್ಕೂಟರು, ತರಕಾರಿ ಗಾಡಿ, ಎಲ್ಲ ಹತ್ತು ಅಡಿ ದೂರ. ತಗುಲಿದರೆ ಯಾರ ಮನೆ ಮಾರಬೇಕೋ ಎಂಬ ಭಯ. ಲೈಸೆನ್ಸ್ ಕೈಗೆ ಬಂದ ಮೇಲೂ ರಾಯರು ಆ ಎಲ್ ಕಿತ್ತಿಲ್ಲ.

ಹಂಪುಗಳಿಗೆ ಮಾತ್ರ ಯಾವ ಭಯವೂ ಇಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪ್ರಕಾರ ಹಂಪು ಎಂದರೆ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲದ ಸೌಮ್ಯ ದಿಬ್ಬ. ನಮ್ಮ ಕ್ರಾಸಿನದು ಯಾರೋ ಮನೆ ಕಟ್ಟಿ ಉಳಿದ ಕಾಂಕ್ರೀಟಿನಲ್ಲಿ ರಾತ್ರೋರಾತ್ರಿ ಎದ್ದದ್ದು. ಮೊದಲ ಸಲ ದಾಟುವಾಗ ಕಾರಿನ ಹೊಟ್ಟೆಯಿಂದ ಬಂದ ‘ಕರ್’ ಶಬ್ದಕ್ಕೆ ರಾಯರು ತಮ್ಮ ಹೊಟ್ಟೆ ಹಿಡಿದುಕೊಂಡರು. ಈಗ ಪದ್ಧತಿಯಾಗಿದೆ. ಹಂಪು ಬಂದರೆ ಗಾಡಿ ನಿಲ್ಲುತ್ತದೆ. ರಾಯರೂ ಅವರ ಹೆಂಡತಿಯೂ ಕೆಳಗಿಳಿಯುತ್ತಾರೆ. ಭಾರ ಕಡಿಮೆಯಾದ ಗಾಡಿಯನ್ನು ಮಗಳು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಿಸುತ್ತಾಳೆ. ದಂಪತಿ ಆ ಕಡೆ ನಡೆದು ಹೋಗಿ ಮತ್ತೆ ಹತ್ತುತ್ತಾರೆ. ಗಾಂಧಿ ಬಜಾರಿಗೆ ದೋಸೆ ತಿನ್ನಲು ಹೊರಟ ದಿನ ಹೀಗೆ ಆರು ಸಲ ಇಳಿದು ಹತ್ತಿದರಂತೆ. ಅಲ್ಲಿ ಹದಿನಾರು ಅಡಿಗೆ ಪಾರ್ಕಿಂಗ್ ಸಿಗಲಿಲ್ಲ. ಮೂರು ಸುತ್ತು ಹೊಡೆದು, ದೋಸೆಯ ವಾಸನೆ ತೆಗೆದುಕೊಂಡು, ಮತ್ತೆ ಆರು ಸಲ ಇಳಿದು ಹತ್ತಿ ಮನೆಗೆ ಬಂದು ಉಪ್ಪಿಟ್ಟು ತಿಂದರು.

ಬೀದಿ ಕ್ರಿಕೆಟ್ಟಿನ ಒಂದು ಸಿಕ್ಸರು ಬಲಗಡೆಯ ಹೆಡ್‌ಲೈಟಿನಲ್ಲಿ ಬಿರುಕು ಬಿಡಿಸಿತು. ಜೆ.ಸಿ. ರಸ್ತೆಯೆಲ್ಲ ಸುತ್ತಿ ಕಡೆಗೆ ಒಬ್ಬ ಮೆಕ್ಯಾನಿಕ್ಕಿನ ಹತ್ತಿರ ಹೋದೆವು. ದೀಪಕ್ಕೆ ಒಂದು ಲಕ್ಷದ ಚಿಲ್ಲರೆ ಎಂದ. ರಾಯರು ಚೌಕಾಸಿಗೆ ಬಾಯಿ ತೆರೆಯುವಷ್ಟರಲ್ಲಿ ಆ ಹುಡುಗ, ಪಾಪ, ಅವನಿಗೇನು ಗೊತ್ತು, ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಾ, “ಅದೇ ದುಡ್ಡಿಗೆ ಒಂದು ಹೊಸಾ ಸ್ಕೂಟೀನೇ ಬರತ್ತೆ ಸಾರ್” ಎಂದ. ಇಪ್ಪತ್ತು ವರ್ಷದ ನಮ್ಮ ಸ್ನೇಹದಲ್ಲಿ ರಾಯರಿಗೆ ಮಾತು ಹೊರಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಗಳು ಆಕಾಶ ನೋಡುತ್ತಿದ್ದಳು. ಒಂದು ವಾರದಲ್ಲಿ ಸ್ಕೂಟಿ ಬಂತು. ಬಿರುಕಿಗೆ ಸೆಲ್ಲೋಟೇಪ್ ಬಂತು.

ನಿಂತ ಗಾಡಿಗೆ ಇಲಿಗಳು ಬಂದವು. ವೈರಿನ ರುಚಿ ಹತ್ತಿದರೆ ಅವು ಬಿಡುವುದಿಲ್ಲ. ಬಾನೆಟ್ಟಿನೊಳಗೆ ಹೊಗೆಸೊಪ್ಪಿನ ಕಟ್ಟು ನೇತುಹಾಕಿ ಎಂದು ಶುಗರ್ ರಾಯರು ಹೇಳಿಕೊಟ್ಟರು. ಈಗ ಕಾರಿನ ಒಳಗೆ ಚರ್ಮದ ಸೀಟಿನ ಪರಿಮಳ, ಮುಂದೆ ಎಲೆಯಡಿಕೆ ಅಂಗಡಿಯ ಪರಿಮಳ.

ಕಥೆ ಇಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದೆ. ಗಣೇಶನ ಹಬ್ಬದ ಹೊತ್ತಿಗೆ ಸೀತಾ ಸರ್ಕಲಿನ ಆರ್ಕೆಸ್ಟ್ರಾ ಒಂದು ಕಡೆ, ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆತ ಒಂದು ಕಡೆ, ಮಗಳಿಗೆ ಇಂಟರ್ನಲ್ಸ್ ಇನ್ನೊಂದು ಕಡೆ. ರಾತ್ರಿ ಒಂಬತ್ತಕ್ಕೆ ಹಾಲಿನ ಪ್ಯಾಕೆಟ್ ತರಲು ಹೊರಟಾಗ ನೋಡಿದೆ. ಕಾರಿಗೆ ಹೊದಿಸಿದ ಕವರನ್ನು ಒಂದು ಬದಿಯಲ್ಲಿ ಮಾತ್ರ ಸೀರೆಯ ನೆರಿಗೆಯ ಹಾಗೆ ಮೇಲೆತ್ತಿ ಸಿಕ್ಕಿಸಿದ್ದರು. ಕಿಟಕಿ ಎರಡು ಬೆರಳಿನಷ್ಟು ಇಳಿದಿತ್ತು. ಒಳಗೆ ಹಿಂದಿನ ಸೀಟಿನಲ್ಲಿ ಮಗಳು ಕಾಲು ಚಾಚಿ, ಎಮರ್ಜೆನ್ಸಿ ಲ್ಯಾಂಪಿನ ಬೆಳಕಲ್ಲಿ ಗಣಿತ ಮಾಡುತ್ತಿದ್ದಳು. ಕಾರಿನದೇ ದೀಪ ಹಾಕಿ ಮೊದಲೊಂದು ವಾರ ಬ್ಯಾಟರಿ ಇಳಿಸಿದ್ದಳಂತೆ.

ರಾಯರು ಕಾಂಪೌಂಡಿನ ಕಟ್ಟೆಯ ಮೇಲೆ ಕಾವಲಿದ್ದರು.

“ಒಳಗೆ ಕೂತ್ರೆ ಆರ್ಕೆಸ್ಟ್ರಾ ಜೇನುಹುಳ ಗುಂಯ್ ಅಂದಷ್ಟೇ ಕೇಳ್ಸತ್ತೆ” ಎಂದರು. “ಹದಿನಾರು ಅಡಿ ಉದ್ದ, ಆರು ಅಡಿ ಅಗಲ, ಲೆದರ್ ಸೋಫಾ. ಗಿರಿನಗರದಲ್ಲಿ ಇಂಥದ್ದೊಂದು ರೂಮು ಕಟ್ಟಿಸ್ಬೇಕು ಅಂದ್ರೆ, ಜಾಗದ ರೇಟೂ ಸೇರಿಸಿ, ನೀವೇ ಲೆಕ್ಕ ಹಾಕಿ. ಅದೇ ದುಡ್ಡಿಗೆ...”

ಕವರಿನೊಳಗಿಂದ ಹಾರ್ನ್ ಎರಡು ಸಲ ಮೊಳಗಿತು.

“ಕಾಫಿ ಬೇಕಂತೆ” ಎಂದು ರಾಯರು ಎದ್ದು ಒಳಗೆ ಹೋದರು.