ಧನುರ್ಲೇಪ ನಿರ್ಣಯ

ಮೀಮಾಂಸಕರ ಪದ್ಧತಿಯಲ್ಲಿ ಒಂದು ಅಧಿಕರಣಕ್ಕೆ ಐದು ಅಂಗಗಳು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಈ ಪ್ರಬಂಧವೂ ಅದೇ ಕ್ರಮದಲ್ಲಿ ನಡೆಯಬೇಕಿತ್ತು. ಪೂರ್ವಪಕ್ಷದವರೆಲ್ಲ ಒಂದೇ ಮನೆಯಲ್ಲಿದ್ದು, ಯಾರೂ ತಮ್ಮ ಸರದಿಗೆ ಕಾಯದ ಕಾರಣ ಕ್ರಮ ಅಲ್ಲಲ್ಲಿ ತಪ್ಪಿದೆ.

ವಿಷಯವಿದು. ವಿಜಯಪುರದ ಕಡೆಯಿಂದ ದ್ರಾಕ್ಷಿ ವ್ಯಾಪಾರಕ್ಕೆಂದು ಹೋಗಿ ನಾಸಿಕ್ ಜಿಲ್ಲೆ ನಿಫಾಡ್ ತಾಲೂಕಿನ ಪಿಂಪಳಗಾಂವ್ ಬಸವಂತ್‌ನಲ್ಲಿ ನೆಲೆನಿಂತ ನಮ್ಮ ಮಾವನವರ ಮನೆಯಲ್ಲಿ ಒಂದು ಹಳೆಯ ಮರದ ಬಿಲ್ಲಿದೆ. ಮಾವನವರ ತಂದೆ ದೊಡ್ಡಾಟದಲ್ಲಿ ಅರ್ಜುನನಾಗಿ ಹಿಡಿದದ್ದು. ಅದರ ಮೈಮೇಲೆ ನಾಲ್ಕು ಕಾಲಘಟ್ಟಗಳ ಅಂಟು ಸೇರಿಕೊಂಡಿದೆ. ಬಿಲ್ಲಿಗೆ ನೋವಾಗದಂತೆ ಅಂಟನ್ನು ಬಿಡಿಸಬಹುದೋ ಇಲ್ಲವೋ ಎಂಬುದು ಸಂಶಯ.

ಮೊದಲು ಅಧಿಕಾರದ ಪ್ರಶ್ನೆ. ಕನ್ನಡ ವಿದ್ವಾಂಸನಿಗೆ ಈ ಬಿಲ್ಲನ್ನು ಮುಟ್ಟುವ ಹಕ್ಕಿದೆಯೆ? ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿಸಿ ಅಲ್ಲಿಗೆ ಕೈತೊಳೆದುಕೊಂಡಿದೆ. ಗೋದಾವರಿ ನಾಸಿಕ್‌ನಿಂದ ಪೂರ್ವಕ್ಕೆ ಹರಿದು ನಾಂದೂರ್ ಮಧ್ಯಮೇಶ್ವರದ ಒಡ್ಡಿಗೆ ಬರುತ್ತಾಳೆ. ಪಿಂಪಳಗಾಂವ್ ಇರುವುದು ನದಿಯ ಉತ್ತರಕ್ಕೆ. ನೃಪತುಂಗನ ಆಸ್ಥಾನದವರು ಇನ್ನೊಂದಿಷ್ಟು ಉದಾರವಾಗಿ ಕೈಬೀಸಿದ್ದರೆ ಇಲ್ಲಿನ ಈರುಳ್ಳಿ, ಟೊಮೆಟೊ ಮಾರುಕಟ್ಟೆಗಳೂ ನಮ್ಮ ಸಾಹಿತ್ಯ ಚರಿತ್ರೆಗೆ ಸೇರುತ್ತಿದ್ದವು. ಅದೃಷ್ಟಕ್ಕೆ ರಾಷ್ಟ್ರಕೂಟರ ಮಯೂರಖಂಡಿಯನ್ನು ಇದೇ ಜಿಲ್ಲೆಯ ಬೆಟ್ಟದ ಕೋಟೆಯೊಂದರ ಜೊತೆ ಗುರುತಿಸುವ ವಿದ್ವಾಂಸರಿದ್ದಾರೆ. ಆ ಒಂದು ಬಲದ ಮೇಲೆ ಕೆಲಸ ಆರಂಭಿಸಲಾಯಿತು. ಪಂಚವಟಿ ಹತ್ತಿರವಿರುವುದರಿಂದ ಇದು ಸಾಕ್ಷಾತ್ ಶ್ರೀರಾಮನ ಬಿಲ್ಲೇ ಇರಬೇಕೆಂಬ ನೆರೆಮನೆಯವರ ವಾದವನ್ನು, ಬಿಲ್ಲಿನ ಮೇಲೆ ಕಂದು ಟೇಪು ಇರುವ ಕಾರಣ, ಸದ್ಯಕ್ಕೆ ಬದಿಗಿಟ್ಟಿದೆ.

ಇನ್ನು ವಿಧಾನ. ಡಿ.ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ ಬರೆದದ್ದು ಓಲೆಗರಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಅದೇ ಶಾಸ್ತ್ರ ಬಿಲ್ಲಿಗೂ ಸಲ್ಲುತ್ತದೆ ಎಂಬುದು ಪ್ರಸ್ತುತ ಲೇಖಕನ ಶೋಧ. ಮರವೇ ಮೂಲಪಾಠ. ಅದರ ಮೇಲಿನ ಅರಗಿನ ಹೊಳಪು ಕವಿಯೇ ಕೈಯಾರೆ ಮಾಡಿದ ಪರಿಷ್ಕರಣ. ಅಂಟೆಲ್ಲ ಪ್ರಕ್ಷಿಪ್ತ. ಪ್ರಕ್ಷಿಪ್ತ ತೆಗೆಯುವ ಹುರುಪಿನಲ್ಲಿ ಮೂಲವನ್ನೇ ಕೆರೆದುಹಾಕಿದ ಸಂಪಾದಕರು ನಮ್ಮಲ್ಲಿ ಕಡಿಮೆಯಿಲ್ಲ. ಅವರ ಕೈಯಲ್ಲಿ ಬ್ಲೇಡು ಇರಲಿಲ್ಲ ಅಷ್ಟೆ.

ಪ್ರಕ್ಷಿಪ್ತಗಳ ಕಾಲನಿರ್ಣಯ ಮೇಲಿನಿಂದ ಕೆಳಕ್ಕೆ ಹೀಗೆ. ಎಲ್ಲಕ್ಕಿಂತ ಮೇಲೆ ದ್ರಾಕ್ಷಿ ಪೆಟ್ಟಿಗೆಗೆ ಸುತ್ತುವ ಕಂದು ಟೇಪು. ಅದರಡಿ ಬಿಳಿ ಅಂಟು, ಅಂದರೆ ಫೆವಿಕಾಲ್. ಇದು ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಆದ್ದರಿಂದ ಈ ಪದರ ಅದಕ್ಕಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ. ಉತ್ಖನನದಲ್ಲಿ ನಾಣ್ಯ ಸಿಕ್ಕಷ್ಟೇ ಖಚಿತವಾದ ಆಧಾರವಿದು. ಅದರಡಿ ಮೈದಾ ಗಂಜಿ, ಗಂಜಿಯಲ್ಲಿ ಹೂತುಹೋದ ಬೇಗಡೆಯ ಚೂರುಗಳು. ಕಟ್ಟಕಡೆಗೆ, ಹಿಡಿಯ ಬಳಿ, ಜೇನುಬಣ್ಣಕ್ಕೆ ತಿರುಗಿ ಗಾಜಿನಂತೆ ಬಿರಿದ ಸರಸ್, ಅಂದರೆ ಬಡಗಿಗಳು ಕಾಯಿಸಿ ಬಳಸುತ್ತಿದ್ದ ಚರ್ಮದ ಅಂಟು. ಇದರ ಮನೆತನ ದೊಡ್ಡದು. ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕೇ ಒಂದು ಅಧ್ಯಾಯ ಕೊಟ್ಟಿದ್ದಾನೆ. ಒಂದು ಪಾಕಕ್ಕೆ ಎಳೆಯ ತೂಬರೆ ಕಾಯಿ, ಬೇಲದ ಕಾಯಿ, ಬೂರುಗದ ಹೂ. ಇನ್ನೊಂದಕ್ಕೆ ದನ, ಎಮ್ಮೆ, ಆಡುಗಳ ಕೊಂಬು ಮತ್ತು ಎಮ್ಮೆಯ ಚರ್ಮ. ಬಿಸಿಬಿಸಿಯಾಗಿ ಬಳಿದರೆ ಕೋಟಿ ವರ್ಷ ಬಾಳುತ್ತದೆಂದು ಭರವಸೆಯನ್ನೂ ಕೊಟ್ಟಿದ್ದಾನೆ. ಬಿಡಿಸುವುದು ಹೇಗೆಂದು ಮಾತ್ರ ಹೇಳಿಲ್ಲ. ಕೋಟಿ ವರ್ಷದ ಮೇಲೆ ಕೇಳಲು ಯಾರೂ ಬರಲಾರರೆಂಬ ಧೈರ್ಯವಿರಬೇಕು.

ಪೂರ್ವಪಕ್ಷಗಳಲ್ಲಿ ಮೊದಲನೆಯದು ತೈಲವಾದ. ಪ್ರತಿಪಾದಕರು ಅತ್ತೆಯವರು. “ಕೊಬ್ರಿ ಎಣ್ಣಿ ಹಚ್ಚಿ ಬಿಸಲಾಗ ಇಟ್ಟರ ತಾನ ಬಿಡ್ತೈತಿ, ಅಳಿಯಂದ್ರ.” ಟೇಪಿನ ಅಂಟಿನ ಮಟ್ಟಿಗೆ ಇದು ನಿಜವೂ ಹೌದು, ಎಣ್ಣೆ ಅದನ್ನು ಮೆತ್ತಗೆ ಮಾಡುತ್ತದೆ. ಆದರೆ ಹೊಳಪು ಸವೆದ ಕಡೆ ಎಣ್ಣೆ ಮರದೊಳಕ್ಕೆ ಇಳಿದು ಕಲೆಯಾಗಿ ಕೂತರೆ, ಆ ಹೊಸ ಪ್ರಕ್ಷಿಪ್ತವನ್ನು ತೆಗೆಯಲು ಯಾವ ಸಂಪಾದಕನಿಂದಲೂ ಆಗದು. ಬಿಸಿಲಂತೂ ಹಳೆಯ ಒಣಮರವನ್ನು ಸೀಳಿಬಿಟ್ಟೀತು.

ಎರಡನೆಯದು ಥಿನ್ನರ್‌ವಾದ. ಇದರ ಆಚಾರ್ಯ ನಮ್ಮ ಭಾವಮೈದುನ. “ಥಿನ್ನರ್ ಹಾಕ್ರಿ ಮಾಮಾ, ಎರಡ ನಿಮಿಷದ ಕೆಲಸ.” ಎರಡು ನಿಮಿಷದ ಕೆಲಸವೆನ್ನುವುದರಲ್ಲಿ ತಕರಾರಿಲ್ಲ, ಅಷ್ಟರಲ್ಲಿ ಅಂಟಿನ ಜೊತೆ ಬಣ್ಣ, ಹೊಳಪು ಎಲ್ಲ ಬಟ್ಟೆಗೆ ಬಂದಿರುತ್ತವೆ. ಅರಗು ಕರಗುವುದು ಸ್ಪಿರಿಟ್ಟಿನಲ್ಲಿ, ನೀರಿನಲ್ಲೂ ಸೀಮೆಎಣ್ಣೆಯಲ್ಲೂ ಅಲ್ಲ. ಈ ಒಂದು ಮಾತು ನೆನಪಿಟ್ಟವನು ಅರ್ಧ ಶಾಸ್ತ್ರ ಕಲಿತಂತೆ.

ಮೂರನೆಯದು ಬ್ಲೇಡುವಾದ. ಇದನ್ನು ಹಿಡಿದವರು ಯಾರೆಂದು ಮನೆಯಲ್ಲಿ ಯಾರೂ ಒಪ್ಪಿಕೊಳ್ಳುತ್ತಿಲ್ಲ, ಆದರೆ ಬಿಲ್ಲಿನ ಒಂದು ತುದಿಯಲ್ಲಿ ಗೀರು ಇದೆ. ಅದು ಹೊಟ್ಟೆಯ ಕಡೆ ಇರುವುದು ಪುಣ್ಯ. ಹೆದೆ ಏರಿಸಿದಾಗ ಬಿಲ್ಲಿನ ಹೊಟ್ಟೆ ಒತ್ತಿಕೊಳ್ಳುತ್ತದೆ, ಬೆನ್ನು ಹಿಗ್ಗುತ್ತದೆ. ಬೆನ್ನಿನ ಎಳೆಗಳನ್ನು ಅಡ್ಡಲಾಗಿ ಕೊಯ್ದರೆ ಮುಂದೆ ಎಳೆದಾಗ ಸೀಳು ಅಲ್ಲಿಂದಲೇ ಹೊರಡುತ್ತದೆ. ಮಿಥಿಲೆಯಲ್ಲಿ ಶಿವಧನುಸ್ಸು ಮುರಿದದ್ದಕ್ಕೂ ಹಿಂದೆ ಯಾರೋ ಅಂಟು ಕೆರೆದದ್ದೇ ಕಾರಣವಿರಬಹುದೇ ಎಂಬುದು ಪ್ರತ್ಯೇಕ ಸಂಪುಟಕ್ಕೆ ಯೋಗ್ಯವಾದ ವಿಷಯ.

ಸಿದ್ಧಾಂತ ಹೇಳುವಷ್ಟರಲ್ಲಿ ಚಹಾ ಬಂತು, ಆದ್ದರಿಂದ ಸಂಕ್ಷೇಪವಾಗಿ. ಮೊದಲು ಹೆದೆ ಬಿಚ್ಚಬೇಕು. ಏನನ್ನೇ ಹಚ್ಚುವ ಮುಂಚೆ ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಹತ್ತಿಯ ತುದಿಯಿಂದ ಪರೀಕ್ಷಿಸಬೇಕು. ಟೇಪಿಗೆ ಕೂದಲು ಒಣಗಿಸುವ ಯಂತ್ರದ ಸಣ್ಣ ಶಾಖ ಸಾಕು. ಹೆಚ್ಚು ಕಾಯಿಸಿದರೆ ಅರಗೂ ಮೆತ್ತಗಾಗುತ್ತದೆ. ಟೇಪನ್ನು ಮೇಲಕ್ಕೆ ಕಿತ್ತೆಳೆಯದೆ, ಅದರ ಬೆನ್ನಿಗೇ ಮಡಚಿ, ಮರಕ್ಕೆ ಸಮಾನಾಂತರವಾಗಿ ನಿಧಾನಕ್ಕೆ ಎಳೆಯಬೇಕು. ಉಳಿದ ಜಿಗುಟಿಗೆ ಬಟ್ಟೆಯಲ್ಲಿ ಚೂರು ಟರ್ಪೆಂಟೈನ್, ಕಿಟಕಿ ತೆರೆದಿಟ್ಟು, ಒಲೆಯಿಂದ ದೂರ ಕೂತು. ಬಿಳಿ ಅಂಟು ಹದವಾದ ಬಿಸಿನೀರಿನ ತೇವಕ್ಕೆ ಉಬ್ಬಿ ಬೆಳ್ಳಗಾಗುತ್ತದೆ. ಆಗ ಬಿದಿರಿನ ಚಕ್ಕೆಯಿಂದ, ಎಳೆಯ ಗುಂಟ, ದೂಡಬೇಕು. ಗಂಜಿಯದೂ ಅದೇ ದಾರಿ. ಬಟ್ಟೆಯನ್ನು ಚೆನ್ನಾಗಿ ಹಿಂಡಿರಬೇಕು, ತೇವ ಒರೆಸುತ್ತಲೇ ಇರಬೇಕು. ನೀರು ನಿಂತರೆ ಅರಗಿನ ಮೇಲೆ ಬಿಳಿ ಮಂಜು ಮೂಡುತ್ತದೆ, ಅದಕ್ಕೆ ಮತ್ತೊಂದು ಪ್ರಬಂಧ ಬೇಕಾಗುತ್ತದೆ. ಸರಸ್ ಸುಮಾರು 60 ಡಿಗ್ರಿ ಶಾಖಕ್ಕೆ ಸಡಿಲಾಗುವಂಥದು. ಆದರೆ ಹಿಡಿಯ ಪಟ್ಟಿಯನ್ನು ಇನ್ನೂ ಹಿಡಿದಿಟ್ಟಿರುವುದು ಅದೇ ಆದ್ದರಿಂದ ಅದು ಪ್ರಕ್ಷಿಪ್ತವೋ ಮೂಲವೋ ಎಂಬ ಗೊಂದಲ ಎದ್ದಿತು. ಊರಿನ ಬಡಗಿಯನ್ನು ಕರೆಸಲಾಯಿತು. ಆತ ಹೆಬ್ಬೆರಳಿನಿಂದ ಒತ್ತಿ, ಉಗುರಿನಿಂದ ತಟ್ಟಿ, ಒಮ್ಮೆ ಮೂಸಿ ನೋಡಿ, “ರಾಹೂ ದ್ಯಾ” ಎಂದ. ಇರಲಿ ಬಿಡಿ ಎಂದು. ಆಪ್ತವಾಕ್ಯವಾದ್ದರಿಂದ ಪ್ರಮಾಣವೆಂದು ಸ್ವೀಕರಿಸಿದೆ.

ಉಳಿದದ್ದು ಒಂದೇ. ಸರಸ್ ಬಿಟ್ಟು ಮಿಕ್ಕ ಅಂಟೆಲ್ಲ ಹೋದ ಮೇಲೆ ಹಿಡಿಯ ಪಕ್ಕದಲ್ಲಿ ಹೆಬ್ಬೆರಳಿನಗಲದ ಒಂದು ಕಪ್ಪು ಗುರುತು ಕಂಡಿತು. ನೀರಿಗೆ ಬಗ್ಗಲಿಲ್ಲ, ಟರ್ಪೆಂಟೈನಿಗೂ ಇಲ್ಲ. ಅದು ರಾತ್ರಿಯಿಡೀ ಅರ್ಜುನನಾಗಿ ನಿಂತ ತಮ್ಮ ತಂದೆಯ ಕೈಬೆವರು, ಮುಟ್ಟಕೂಡದು ಎಂಬುದು ಮಾವನವರ ಪಾಠ. ಆಟದ ನಡುವೆ ಮಿರ್ಚಿ ಭಜಿ ತಿಂದು ಕೈತೊಳೆಯದೆ ಹಿಡಿದದ್ದು ಎಂಬುದು ಅತ್ತೆಯವರ ಪಾಠಾಂತರ. ಎರಡಕ್ಕೂ ಆಧಾರಪ್ರತಿಗಳಿಲ್ಲ. ಸಂಪಾದನೆಯ ನಿಯಮದಂತೆ ಮಾವನವರದನ್ನು ಮೇಲಿಟ್ಟು, ಅತ್ತೆಯವರದನ್ನು ಅಡಿಟಿಪ್ಪಣಿಗೆ ಇಳಿಸಿದೆ. ಅತ್ತೆಯವರು ಈ ಪ್ರಬಂಧ ಓದುವವರೆಗೆ ಈ ವ್ಯವಸ್ಥೆ ಜಾರಿಯಲ್ಲಿರುತ್ತದೆ.